ಯುದ್ಧಕ್ಕೆ ಹೋಗದ ಜಾಕೆಟ್ಟು

ನನ್ನ ಅಂಗಡಿಗೆ ಬರುವ ಮೂರು ಹಳೆಯ ಚರ್ಮದ ಜಾಕೆಟ್ಟುಗಳಲ್ಲಿ ಒಂದು ಎರಡನೆಯ ಮಹಾಯುದ್ಧ ಮುಗಿಸಿಕೊಂಡೇ ಬಂದಿರುತ್ತದೆ. ಇನ್ನೊಂದನ್ನು ಯಾವನೋ ಬಿಳಿ ದೊರೆ ಊರು ಬಿಟ್ಟು ಹೋಗುವಾಗ, ತಂದವರ ಅಜ್ಜನ ಕೈಯಲ್ಲಿಟ್ಟು ಕಣ್ಣೊರೆಸಿಕೊಂಡಿರುತ್ತಾನೆ. ಮೂರನೆಯದಕ್ಕೆ ಕಥೆ ಇರುವುದಿಲ್ಲ. ಅದು ರೆಕ್ಸಿನ್ನು.

ದುರ್ಗಿಗುಡಿಯ ಒಂದು ಅಡ್ಡರಸ್ತೆಯಲ್ಲಿ ನನ್ನ ಅಂಗಡಿ. ಮುಂದಿನ ಭಾಗದಲ್ಲಿ ರೇನ್‌ಕೋಟು, ಹೆಲ್ಮೆಟ್ಟು, ಕೈಗವಸು. ಹಿಂದಿನ ಭಾಗದಲ್ಲಿ ಬೈಕು ಓಡಿಸುವವರ ಹಳೆಯ ಚರ್ಮದ ಜಾಕೆಟ್ಟುಗಳು. ಮುಂದಿನದ್ದು ಹೊಟ್ಟೆಗೆ, ಹಿಂದಿನದ್ದು ಚಟಕ್ಕೆ. ಫುಟ್‌ಪಾತಿನ ಮೇಲೆ ತಾಡಪಾಲು ಹಾಸಿ ಹಳೇ ಬಟ್ಟೆ ಮಾರಿ ಮೇಲೆ ಬಂದವನು ನಾನು. ಯಾರಿಗೂ ಕೈಚಾಚದೆ ಈ ನಾಲ್ಕು ಗೋಡೆ ಮಾಡಿಕೊಂಡಿದ್ದೇನೆ. ಆದ್ದರಿಂದ ಕಂಡವರಿಗೆಲ್ಲ ಸಲಹೆ ಕೊಡುವ ಹಕ್ಕು ನನಗಿದೆ ಎಂದು ನನ್ನ ನಂಬಿಕೆ. ನನ್ನ ಹೆಂಡತಿ ಸುಮಿತ್ರಳ ನಂಬಿಕೆ ಬೇರೆ. "ನಿಮ್ಮ ಅಂಗಡೀಲಿ ಚೌಕಾಸಿ ಇಲ್ದೆ ಸಿಗೋ ಸಾಮಾನು ಅದೊಂದೇ" ಅನ್ನುತ್ತಾಳೆ.

ಈಗೀಗ ನಮ್ಮ ಕಡೆ ಹಳೇ ಬೈಕಿನ ಹುಚ್ಚು ಹತ್ತಿದೆ. ಹಳೇ ಬೈಕು ಸಿಕ್ಕಿತೆಂದರೆ ಅದಕ್ಕೆ ತಕ್ಕ ಹಳೇ ಜಾಕೆಟ್ಟೂ ಬೇಕಲ್ಲ! ಹಾಗಾಗಿ ಅಟ್ಟದಲ್ಲಿ, ಕೊಟ್ಟಿಗೆಯಲ್ಲಿ, ಕಾರ್ ಶೆಡ್ಡಿನ ಮೊಳೆಯಲ್ಲಿ ನೇತಾಡುತ್ತಿದ್ದದ್ದೆಲ್ಲ ಇಳಿದು ನನ್ನ ಮೇಜಿಗೆ ಬರುತ್ತಿದೆ. "ಯಾವ ಕಾಲದ್ದು ಅಂತ ಸ್ವಲ್ಪ ನೋಡಿ ಶೇಖರಣ್ಣ" ಅನ್ನುತ್ತಾರೆ. ನೋಡಿ ಹೇಳಿದರೆ ಮುಖ ಊದಿಸಿಕೊಳ್ಳುತ್ತಾರೆ. ಅವರಿಗೆ ಬೇಕಾಗಿರುವುದು ಜಾಕೆಟ್ಟಿನ ವಯಸ್ಸಲ್ಲ, ತಮ್ಮ ಕಥೆಗೊಂದು ಸೀಲು.

ಕಳೆದ ತಿಂಗಳು ಆಯನೂರಿನಿಂದ ಒಬ್ಬರು ಬಂದರು. ಬಿಳಿ ಪಂಚೆ, ಬಗಲಲ್ಲಿ ಜಾಕೆಟ್ಟು.

"ಬ್ರಿಟಿಷರ ಕಾಲದ್ದು ಇದು. ಸರ್ವೆಗೆ ಬಂದಿದ್ದ ದೊರೆ ನಮ್ಮಜ್ಜನಿಗೆ ಕೊಟ್ಟಿದ್ದು" ಅಂದರು.

ನಾನು ಒಳಗಡೆ ತಿರುಗಿಸಿ, ಪಕ್ಕೆಯ ಹೊಲಿಗೆಯಲ್ಲಿದ್ದ ಪುಟ್ಟ ಪಟ್ಟಿ ತೋರಿಸಿದೆ. ಅದರ ಮೇಲೆ ಸಣ್ಣ ಸಣ್ಣ ಚಿತ್ರ. ತೊಟ್ಟಿಯ ಮೇಲೆ ಅಡ್ಡಗೆರೆ, ಇಸ್ತ್ರಿಪೆಟ್ಟಿಗೆಯ ಮೇಲೆ ಅಡ್ಡಗೆರೆ.

"ಇದೇನು ಗೊತ್ತಾ? ವಾಷಿಂಗ್ ಮಷಿನ್ನಿಗೆ ಹಾಕ್ಬೇಡಿ ಅಂತ ಗುರುತು. ಬ್ರಿಟಿಷರ ಕಾಲದಲ್ಲಿ ನಿಮ್ಮ ಆಯನೂರಲ್ಲಿ ವಾಷಿಂಗ್ ಮಷಿನ್ ಇತ್ತಾ ಮಾರಾಯ್ರೆ?"

ಅವರು ಗಂಭೀರವಾಗಿ ಯೋಚಿಸಿದರು. "ನಮ್ಮನೇಲಿ ಇರ್ಲಿಲ್ಲ. ದೊರೆ ಮನೇಲಿ ಇತ್ತೇನೋ" ಅಂದರು.

ಇಂಥವರ ಜೊತೆ ಬದುಕು ಸವೆಸುತ್ತಿದ್ದೇನೆ.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದರೆ ನನ್ನ ಹತ್ತಿರ ತರುವ ಮೊದಲು ನೀವೇ ಒಂದಿಷ್ಟು ನೋಡಿಕೊಳ್ಳಿ, ನಿಮಗೂ ಒಳ್ಳೆಯದು, ನನ್ನ ರಕ್ತದೊತ್ತಡಕ್ಕೂ ಒಳ್ಳೆಯದು. ಪಟ್ಟಿಯ ಮೇಲೆ ದೇಶದ ಹೆಸರಿದ್ದರೆ ಓದಿ. 'ವೆಸ್ಟ್ ಜರ್ಮನಿ' ಎಂದಿದ್ದರೆ ಅದು ಯುದ್ಧ ಮುಗಿದು ಆ ದೇಶ ಎರಡಾದ ಮೇಲಿನದ್ದು, ಮತ್ತೆ ಒಂದಾಗುವುದಕ್ಕೆ ಮೊದಲಿನದ್ದು. ಒಂದು ಹೆಸರು ಇಷ್ಟು ಹೇಳುತ್ತದೆ, ನಿಮ್ಮ ಚಿಕ್ಕಪ್ಪ ಎರಡು ಗಂಟೆ ಮಾತಾಡಿದರೂ ಹೇಳುವುದಿಲ್ಲ. ಒಳಗಿನ ಹೊಲಿಗೆಯಿಂದ ಒಂದೆಳೆ ದಾರ ಕಿತ್ತು ಕಡ್ಡಿ ಗೀರಿ ಸುಡಿ. ಕಾಗದ ಸುಟ್ಟ ವಾಸನೆ ಬಂದು ಬೂದಿಯಾದರೆ ಹತ್ತಿ, ಹಳೆಯದಿರಬಹುದು. ಕರಗಿ ಮಣಿಯಾಗಿ ಬೆರಳಿಗೆ ಅಂಟಿಕೊಂಡರೆ ಪಾಲಿಯೆಸ್ಟರು, ಮಹಾಯುದ್ಧದ ಮಾತು ಅಲ್ಲಿಗೆ ಬಿಡಿ. ದಾರ ಸುಡಿ ಅಂದೆ, ಜಾಕೆಟ್ಟನ್ನಲ್ಲ. 'ಅಸಲಿ ಚರ್ಮ ಬೆಂಕಿ ಹಿಡಿಯಲ್ಲ' ಎಂದು ಯಾರೋ ಹೇಳಿದ್ದು ಕೇಳಿ ತೋಳಿಗೆ ಲೈಟರ್ ಹಿಡಿದು, ತೂತು ಮಾಡಿಕೊಂಡು ಬಂದವರನ್ನು ಈ ವರ್ಷವೇ ಇಬ್ಬರನ್ನು ನೋಡಿದ್ದೇನೆ. ಇಬ್ಬರದ್ದೂ ಅಸಲಿ ಚರ್ಮವೇ ಆಗಿತ್ತು, ತೂತಾಗುವ ತನಕ.

ಕಾಲರು ನೋಡಿ. ಎಪ್ಪತ್ತರ ದಶಕದ ಕಾಲರು ಎಂದರೆ ಆನೆಯ ಕಿವಿ. ಗಾಳಿಗೆ ಹಾರಿ ಮುಖಕ್ಕೆ ಬಡಿಯಬಾರದೆಂದು ಒಳ್ಳೆಯ ಜಾಕೆಟ್ಟುಗಳಲ್ಲಿ ಅದರ ತುದಿಗೆ ಟಿಚ್ ಬಟನ್ ಇಟ್ಟಿರುತ್ತಾರೆ. ಬಟನ್ನಿನ ಬೆನ್ನಿನಲ್ಲಿ ಮಾಡಿದವನ ಗುರುತು ಕೂಡ ಇರುವುದುಂಟು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆದರೆ ದಯಮಾಡಿ ಜಿಪ್ಪನ್ನು ನಂಬಬೇಡಿ. ಫೋನಿನಲ್ಲಿ ನಾಲ್ಕು ವೀಡಿಯೊ ನೋಡಿದ ಹುಡುಗರೆಲ್ಲ ಮೊದಲು ಜಿಪ್ಪನ್ನೇ ಎಳೆಯುತ್ತಾರೆ. ಹಲ್ಲು ಹಿತ್ತಾಳೆಯೋ, ಅಲ್ಯುಮಿನಿಯಮ್ಮೋ, ಪ್ಲಾಸ್ಟಿಕ್ಕೋ ನೋಡಿ ವರ್ಷ ಹೇಳಿಬಿಡುತ್ತಾರೆ. ಆ ವೀಡಿಯೊ ಮಾಡಿದ ಮಹಾಶಯನಿಗೆ ನಮ್ಮ ಮಳೆ ಗೊತ್ತಿಲ್ಲ. ಇಲ್ಲಿ ಜಿಪ್ಪು ನಾಲ್ಕು ಮಳೆಗಾಲ ತಡೆದರೆ ಹೆಚ್ಚು. ತುಕ್ಕು ಹಿಡಿದು ಕಚ್ಚಿಕೊಂಡ ಕೂಡಲೇ ಟೈಲರ್ ಹತ್ತಿರ ಹೋಗಿ, ಶಾಲೆಯ ಬ್ಯಾಗಿಗೆ ಹಾಕುವ ಜಿಪ್ಪನ್ನೇ ಜಾಕೆಟ್ಟಿಗೂ ಹಾಕಿಸುತ್ತೇವೆ. ಜಿಪ್ಪು ನೋಡಿ ಜಾಕೆಟ್ಟಿನ ವಯಸ್ಸು ಹೇಳುವುದೂ ಒಂದೇ, ಹಲ್ಲುಸೆಟ್ಟು ನೋಡಿ ಅಜ್ಜನ ವಯಸ್ಸು ಹೇಳುವುದೂ ಒಂದೇ.

ಮಳೆ ಅಂದೆನಲ್ಲ, ಇನ್ನೊಂದು ಸಂಕಟ ಹೇಳದಿದ್ದರೆ ಊಟ ಸೇರುವುದಿಲ್ಲ. ನಮ್ಮಲ್ಲಿ ಬಹಳ ಮನೆಗಳಲ್ಲಿ ಚರ್ಮದ ಸಾಮಾನು ಹೊಸಿಲು ದಾಟುವುದಿಲ್ಲ. ನನಗೆ ಗೊತ್ತಿದ್ದ ಸಂಸ್ಕೃತದ ಮೇಷ್ಟರೊಬ್ಬರು ಸ್ಕೂಟರಿನಲ್ಲಿ ಬೆಳಗಿನ ಚಳಿಗೆ ಜಾಕೆಟ್ಟು ಬೇಕೇ ಬೇಕು ಎಂದು ನನ್ನಿಂದಲೇ ಒಂದು ಒಳ್ಳೇ ಮಾಲು ಕೊಂಡರು. ಮನೆಯಲ್ಲಿ ಅವರ ತಾಯಿ ಬಚ್ಚಲಮನೆಯ ಹೊರಗೋಡೆಗೆ ಒಂದು ಮೊಳೆ ಹೊಡೆಸಿ, "ಅದರ ಜಾಗ ಅಲ್ಲಿ" ಅಂದರಂತೆ. ಸೂರಿನ ನೀರು ಸಿಡಿದು ಸಿಡಿದು ಜಾಕೆಟ್ಟಿಗೆ ಆಷಾಢದೊಳಗೆ ಬೂಷ್ಟು ಬಂತು. ಮೇಷ್ಟರು ಕೊಬ್ಬರಿಎಣ್ಣೆ ಹಚ್ಚಿದರು, ಇರುವೆ ಬಂದವು. ಇರುವೆ ಹೋಗಲೆಂದು ಸೀಮೆಎಣ್ಣೆ ಹಚ್ಚಿದರು, ಮೇಷ್ಟರ ಪಕ್ಕ ಯಾರೂ ಕೂರದಂತಾಯಿತು. ಕೊನೆಗೆ ಸೋಪುಪುಡಿಯಲ್ಲಿ ನೆನೆಹಾಕಿ ತಾರಸಿಯ ಬಿಸಿಲಿಗೆ ಹರವಿ, ಹಪ್ಪಳ ಮಾಡಿಕೊಂಡು ನನ್ನ ಹತ್ತಿರ ತಂದು, "ಏನಯ್ಯಾ ಶೇಖರ, ಗ್ಯಾರಂಟಿ ಅಂದಿದ್ದೆ?" ಎಂದು ಕೇಳಿದರು.

ಎಲ್ಲಿದ್ದೆ? ಹಾಂ, ಜೇಬು. ಜಿಪ್ಪು ಬದಲಾಗುತ್ತದೆ, ಲೈನಿಂಗು ಬದಲಾಗುತ್ತದೆ, ಬಾಯಿಮಾತು ವಾರಕ್ಕೊಮ್ಮೆ ಬದಲಾಗುತ್ತದೆ. ಒಳಜೇಬಿನ ತಳಕ್ಕೆ ಮಾತ್ರ ಸಾಮಾನ್ಯವಾಗಿ ಯಾರೂ ಕೈಹಾಕುವುದಿಲ್ಲ. ಅಲ್ಲಿ ಬೆರಳಾಡಿಸಿದರೆ ಅಡಿಕೆಚೂರು, ಬಸ್ ಟಿಕೆಟ್ಟು, ಯಾರದೋ ಮದುವೆಯ ಅಕ್ಷತೆ ಎಲ್ಲ ಸಿಗುತ್ತದೆ. ಬಾಯಿಯನ್ನು ನಂಬಬೇಡಿ, ಜೇಬನ್ನು ನಂಬಿ. ಬಂದವರಿಗೆಲ್ಲ ನಾನು ಹೇಳುವ ಮಂತ್ರ ಇದು. ಕಳೆದ ವಾರ ಅದೇ ಮಂತ್ರ ನನಗೇ ತಿರುಗಿತು.

ಬೆಳಿಗ್ಗೆ ಇನ್ನೂ ಶಟರ್ ಪೂರ್ತಿ ಎತ್ತಿರಲಿಲ್ಲ. ಹೆಂಗಸೊಬ್ಬಳು ಹಳೇ ಬೆಡ್‌ಶೀಟಿನ ಗಂಟು ಹಿಡಿದುಕೊಂಡು ಬಂದಳು. ನಲವತ್ತರ ಆಜುಬಾಜು, ಹೆಸರು ಮಲ್ಲಿಕಾ ಅಂತ, ಭದ್ರಾವತಿಯಲ್ಲಿ ಟೀಚರಂತೆ. ಗಂಟು ಬಿಚ್ಚುತ್ತಾ, "ನಮ್ಮಪ್ಪಂದು ಸಾರ್. ಎರಡನೇ ಮಹಾಯುದ್ಧದ್ದು" ಅಂದಳು.

ಬೋಣಿಗೇ ಮಹಾಯುದ್ಧ! ನಾನು ಹಣೆ ಹಣೆ ಚಚ್ಚಿಕೊಳ್ಳದೆ ಇದ್ದದ್ದು ವ್ಯಾಪಾರದ ಮರ್ಯಾದೆಗೆ.

"ಅಮ್ಮಾ, ಆ ಯುದ್ಧದಲ್ಲಿ ಎಷ್ಟು ಜನ ಇದ್ರೋ ಗೊತ್ತಿಲ್ಲ. ಆದ್ರೆ ಎಲ್ರೂ ಜಾಕೆಟ್ ಬಿಚ್ಚಿ ಶಿವಮೊಗ್ಗ ಜಿಲ್ಲೇಲಿ ಬಿಟ್ಟು ಹೋಗಿರೋದಂತೂ ಖಂಡಿತ" ಅಂದೆ.

ಅವಳು ನಗಲಿಲ್ಲ. ಮೇಜಿನ ಮುಂದಿನ ಸ್ಟೂಲಿನ ಮೇಲೆ ಕೂತು ವಿಷಯ ಹೇಳಿದಳು.

ಅವಳ ಅಪ್ಪ ಸೆಲ್ವರಾಜ್, ಕಾರ್ಖಾನೆಯಿಂದ ನಿವೃತ್ತರು, ನ್ಯೂ ಟೌನಿನ ಹತ್ತಿರ ಮಗಳ ಜೊತೆಗೇ ಇರುವುದು. ಪ್ರತಿವರ್ಷ ಗಣರಾಜ್ಯೋತ್ಸವದ ಬೆಳಿಗ್ಗೆ ಹಳೇ ಬೈಕಿನವರೆಲ್ಲ ಸೇರಿ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಸಾಲಾಗಿ ಬರುತ್ತಾರೆ. ಸಾಲಿನ ಮುಂದೆ ಯಾವಾಗಲೂ ಈ ಮುದುಕರ ಬುಲೆಟ್ಟು, ಮೈಮೇಲೆ ಈ ಜಾಕೆಟ್ಟು. ಹೊರಡುವ ಮೊದಲು ಹುಡುಗರನ್ನೆಲ್ಲ ಸುತ್ತ ನಿಲ್ಲಿಸಿಕೊಂಡು ಜಾಕೆಟ್ಟಿನ ಕಥೆ ಹೇಳುವುದು ಪದ್ಧತಿ. ಈ ಸಲ ಹೊಸದಾಗಿ ಸೇರಿದ ಒಬ್ಬ ಹುಡುಗ ಜಿಪ್ಪು ಎಳೆದು ನೋಡಿ, ಫೋನು ನೋಡಿ, ಎಲ್ಲರೆದುರು, "ಅಂಕಲ್, ಇದು ನೈಂಟೀಸ್ ಮಾಲು. ಯಾರೋ ನಿಮಗೆ ಟೋಪಿ ಹಾಕಿದಾರೆ. ಇಲ್ಲಾಂದ್ರೆ ನೀವು ನಮಗೆ ಹಾಕ್ತಿದೀರ" ಅಂದನಂತೆ. ಎಲ್ಲರೂ ನಕ್ಕರಂತೆ.

"ಆವತ್ತಿಂದ ಬೈಕಿಗೆ ಕಿಕ್ ಹೊಡೆದಿಲ್ಲ ಸಾರ್. ಮೂರು ತಿಂಗಳಾಯ್ತು. ದಿನಾ ಸಂಜೆ ಟೀ ಅಂಗಡಿಗೆ ಹೋಗೋರು, ಅದೂ ಇಲ್ಲ. 'ನಾನು ಇಷ್ಟು ವರ್ಷ ಊರಿಗೆಲ್ಲ ಸುಳ್ಳು ಹೇಳ್ಕೊಂಡು ತಿರುಗಿದೀನಾ ಮಲ್ಲಿ' ಅಂತ ಕೇಳ್ತಾರೆ. ನಾನೇನು ಹೇಳ್ಲಿ? ನೀವು ನೋಡಿ ಚೀಟಿ ಬರ್ಕೊಡ್ತೀರಂತೆ, ಬೈಕಿನ ಹುಡುಗ್ರು ನಿಮ್ಮ ಚೀಟಿ ಅಂದ್ರೆ ಒಪ್ತಾರಂತೆ. ಅದಕ್ಕೇ ಬಂದೆ."

ಚೀಟಿ ಬರೆಯುವುದು ನಿಜ. ಅರ್ಧ ಹಾಳೆ, ಅಂಗಡಿಯ ಸೀಲು, ಕೆಳಗೆ ನನ್ನ ಸಹಿ. ಈವರೆಗೆ ಒಂದರಲ್ಲೂ ಸುಳ್ಳು ಬರೆದಿಲ್ಲ. ಅದಕ್ಕೇ ಅದಕ್ಕೊಂದು ಬೆಲೆ.

"ಮಹಾಯುದ್ಧದ್ದು ಅಂತ ನಿಮ್ಮಪ್ಪನಿಗೆ ಹೇಳಿದ್ದು ಯಾರು?" ಎಂದು ಕೇಳಿದೆ.

"ಮಾರಿದ ಹುಡುಗ ಅಂತೆ. ಶಿವಮೊಗ್ಗದಲ್ಲಿ, ಸಂತೆ ದಿನ, ಫುಟ್‌ಪಾತಲ್ಲಿ."

ನನಗೆ ತಡೆಯಲಾಗಲಿಲ್ಲ. "ನೋಡಮ್ಮ, ಎಲ್ಲ ಕಡೆ ಇದೇ ಕಥೆ. ಫುಟ್‌ಪಾತಲ್ಲಿ ನಿಂತಿರೋ ಯಾವನೋ ಪೋಲಿ, ನಾಲಗೆಗೆ ಮೂಳೆ ಇಲ್ಲದೋನು, ಬಾಯಿಗೆ ಬಂದಿದ್ದು ಹೇಳ್ತಾನೆ. ಒಳ್ಳೆ ಜನ ನಂಬ್ತಾರೆ. ಅಂಥೋರಿಗೆ ನಾಚಿಕೆ ಅನ್ನೋದಿರಲ್ಲ..." ಹೀಗೆ ಐದು ನಿಮಿಷ ಆ ಹುಡುಗನನ್ನು ಬೈದೆ. ಬಾಯಿ ಬಯ್ಯುತ್ತಿರುವಾಗ ಕೈ ತನ್ನ ಕೆಲಸ ಮಾಡುತ್ತಿತ್ತು. ಆನೆಕಿವಿಯ ಕಾಲರು, ಎಪ್ಪತ್ತರ ದಶಕ. ಕಾಲರಿನ ಬಟನ್ ಎರಡೂ ಇಲ್ಲ. ಲೈನಿಂಗು ಇಲ್ಲಿಯದ್ದೇ. ಜಿಪ್ಪು ಶಾಲೆಯ ಬ್ಯಾಗಿನದ್ದು. ಒಳಜೇಬಿಗೆ ಎರಡು ಬೆರಳು ಹಾಕಿ ತಳವನ್ನು ಹೊರಗೆಳೆದೆ.

ನೀಲಿ ಗೀಟಿನ ಹಾಸಿಗೆ ಬಟ್ಟೆ. ಕೈಹೊಲಿಗೆ. ಹೊಲಿಗೆಯೆಲ್ಲ ಎಡಕ್ಕೆ ವಾಲಬೇಕಾದದ್ದು ಬಲಕ್ಕೆ ವಾಲಿತ್ತು.

ನನ್ನ ಬಾಯಿ ಅಲ್ಲಿಗೆ ನಿಂತಿತು.

ನಮ್ಮಮ್ಮ ಎಡಚಿ. ಹಳೇ ಸೀರೆ, ಪಂಚೆಗಳನ್ನು ಪದರ ಪದರ ಜೋಡಿಸಿ ಹೊದಿಯಲು ಕೌದಿ ಹೊಲಿದುಕೊಡುವುದು ಅವಳ ಕಸುಬು. ನಮ್ಮ ಒಂದೇ ಕೋಣೆಯ ನೆಲದ ತುಂಬ ಯಾರಯಾರದೋ ಮನೆಯ ಸೀರೆ ಹರಡಿರುತ್ತಿತ್ತು. ನಾನು ಅವುಗಳ ಅಂಚಿನಲ್ಲಿ ಕಾಲಿಟ್ಟು ದಾಟಿಕೊಂಡು ಬೆಳೆದವನು. ಬಲಗೈಯವರ ಹೊಲಿಗೆ ಒಂದು ಕಡೆ ವಾಲಿದರೆ ಅಮ್ಮನದ್ದು ಇನ್ನೊಂದು ಕಡೆ ವಾಲುತ್ತಿತ್ತು. ದೂರದಿಂದಲೇ ಗುರುತು ಸಿಗುತ್ತಿತ್ತು. ಬಾಣಂತಿ ಮನೆಯವರು ಮಾತ್ರ ಅವಳಿಗೆ ಕೌದಿ ಕೊಡುತ್ತಿರಲಿಲ್ಲ, ಎಡಗೈ ಹೊಲಿಗೆ ಕೂಸಿಗೆ ಆಗಿಬರುವುದಿಲ್ಲವೆಂದು. ಅಮ್ಮ ಅದಕ್ಕೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. "ಕೂಸು ಹೆಂಗಿದ್ರೂ ಒದ್ದೆ ಮಾಡುತ್ತೆ, ಬಿಡು" ಅನ್ನುತ್ತಿದ್ದಳು.

ನನಗೆ ಹತ್ತೊಂಬತ್ತು. ಬಂದರಿನ ಕಡೆಯಿಂದ ಹಳೇ ವಿದೇಶಿ ಬಟ್ಟೆಯ ಮೂಟೆ ತರಿಸಿ ಮಾರುತ್ತಿದ್ದ ಕಾಲ. ಒಂದು ಮೂಟೆಯ ಹೊಟ್ಟೆಯಲ್ಲಿ ಈ ಜಾಕೆಟ್ಟು ಬಂತು. ನಾನು ಕೈಯಲ್ಲಿ ಹಿಡಿದ ಮೊದಲ ಅಸಲಿ ಚರ್ಮ. ಒಳಜೇಬು ಮಾತ್ರ ಹರಿದು ನೇತಾಡುತ್ತಿತ್ತು. ಅಮ್ಮನ ಮುಂದೆ ಹಾಕಿದೆ. "ಯಾವ ದೇಶದ ಸತ್ತ ದನವೋ" ಎಂದು ಮೂಗು ಮುಚ್ಚಿಕೊಂಡಳು, ಆದರೂ ಹಾಸಿಗೆಯ ಹಳೇ ಬಟ್ಟೆಯಲ್ಲಿ ಗಟ್ಟಿಭಾಗ ನೋಡಿ ಕತ್ತರಿಸಿ, ಕೌದಿಯ ದಪ್ಪ ಸೂಜಿಯಿಂದ ಚರ್ಮದ ಅಂಚಿಗೆ ಚುಚ್ಚಿ ಚುಚ್ಚಿ ಹೊಲಿದಳು. ಎರಡು ಸಲ ಬೆರಳಿಗೆ ಚುಚ್ಚಿಕೊಂಡಳು.

ಮಿಕ್ಕ ಕೆಲಸ ನನ್ನದು. ಕತ್ತಿನ ಪಟ್ಟಿ ಕಿತ್ತೆ. ಕಾಲರಿನ ಟಿಚ್ ಬಟನ್ನಿನ ಬೆನ್ನಿನಲ್ಲಿ ಕಂಪನಿಯ ಗುರುತಿತ್ತು, ಓದಲು ಬರುವವರಾರಾದರೂ ಓದಿಯಾರು ಎಂದು ಅವನ್ನೂ ಕಿತ್ತೆ. ಆಮೇಲೆ ಫುಟ್‌ಪಾತಿನಲ್ಲಿ ಎತ್ತರದ ಮೊಳೆಗೆ ನೇತುಹಾಕಿ ಕಾದೆ.

ಬಂದದ್ದು ಭದ್ರಾವತಿಯ ಕಾರ್ಖಾನೆಯ ತರುಣ. ಹೊಸದಾಗಿ ಬುಲೆಟ್ಟು ಕೊಂಡಿದ್ದ. ಮೂರು ಸಂತೆ ಬಂದು, ಮೂರು ಸಂತೆಯೂ ಚೌಕಾಸಿ ಮಾಡಿದ. ಮೊದಲ ಸಂತೆಗೆ ಅದು ಇಂಗ್ಲಿಷ್ ಅಧಿಕಾರಿಯದ್ದಾಗಿತ್ತು. ಎರಡನೆಯ ಸಂತೆಗೆ ಅಧಿಕಾರಿ ಪೈಲಟ್ ಆದ. ಮೂರನೆಯ ಸಂತೆಗೆ, "ಕಾಲರಿಗೆ ಬಟನ್ನೇ ಇಲ್ವಲ್ಲಪ್ಪ" ಎಂದು ಅವನು ಬೆಲೆ ಇಳಿಸಲು ನೋಡಿದಾಗ, "ಅಣ್ಣಾ, ಅದು ಗುಂಡು ತಾಗಿ ಹಾರಿದ್ದು" ಎಂದೆ. ಅವನು ಕಾಲರನ್ನು ಮೆಲ್ಲಗೆ ಮುಟ್ಟಿದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಆಮೇಲೆ ಚೌಕಾಸಿ ಮಾಡಲಿಲ್ಲ.

ಅವನೇ ಸೆಲ್ವರಾಜ್. ಆ ಪೋಲಿ, ನಾಲಗೆಗೆ ಮೂಳೆ ಇಲ್ಲದವನು, ನಾನೇ.

"ಸಾರ್, ಯುದ್ಧದ್ದೇ ತಾನೆ?" ಎಂದಳು ಮಲ್ಲಿಕಾ.

"ಭಾನುವಾರ ನಾನೇ ಮನೆಗೆ ತರ್ತೀನಿ. ಸ್ವಲ್ಪ ನೋಡ್ಬೇಕು" ಎಂದು ಕಳಿಸಿದೆ.

ನಾಲ್ಕು ದಿನ ಆ ಜಾಕೆಟ್ಟು ನನ್ನ ಹಿಂದಿನ ಕೋಣೆಯಲ್ಲಿತ್ತು. ನಿಮ್ಮೆದುರು ಮುಚ್ಚಿಡುವುದೇನು, ಎರಡು ಕೆಟ್ಟ ಯೋಚನೆ ಬಂದವು. ಒಂದು, 'ಮಹಾಯುದ್ಧದ್ದು' ಎಂದು ಬರೆದು ಸೀಲು ಒತ್ತಿಬಿಡುವುದು. ಮುದುಕರಿಗೂ ಸಮಾಧಾನ, ನನಗೂ ಪಾರು. ಎರಡನೆಯದು ಇನ್ನೂ ಕೆಟ್ಟದ್ದು. ಅಮ್ಮ ಹೋಗಿ ಮೂವತ್ತು ವರ್ಷ. ಅವಳು ಹೊಲಿದ ಒಂದು ಕೌದಿಯೂ ಉಳಿದಿಲ್ಲ; ಕೌದಿ ಎಂದರೆ ಹಾಗೇ, ಸವೆಯುವ ತನಕ ಹೊದ್ದು ಆಮೇಲೆ ನೆಲ ಒರೆಸುವುದು. ಕೊನೆಯದನ್ನು ಹರಿದು ಹೆಲ್ಮೆಟ್ಟು ಒರೆಸಲು ಇಟ್ಟುಕೊಂಡ ಬುದ್ಧಿವಂತ ನಾನೇ. ಈ ಒಂದು ಗೇಣು ಜೇಬು ಬಿಚ್ಚಿಕೊಂಡು, ಅಲ್ಲಿಗೆ ಹೊಸ ಒಳ್ಳೆಯ ಜೇಬು ಹೊಲಿಸಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಬ್ಲೇಡು ಕೈಗೆ ತೆಗೆದುಕೊಂಡೂ ಆಗಿತ್ತು. ದಾರದ ತುದಿ ಎಲ್ಲಿದೆ ಎಂದು ಹುಡುಕಿದೆ. ಬಲಗೈಯವನಿಗೆ ಎಡಗೈ ಹೊಲಿಗೆಯ ತುದಿ ಸುಲಭಕ್ಕೆ ಸಿಗುವುದಿಲ್ಲ. ಹುಡುಕುತ್ತಿರುವಾಗ ಸುಮಿತ್ರ ಟೀ ತಂದಳು. ಬ್ಲೇಡನ್ನೂ ನನ್ನ ಮುಖವನ್ನೂ ನೋಡಿದಳು. ವಿಷಯವೆಲ್ಲ ಹೇಳಬೇಕಾಯಿತು.

"ಮಾರಿದ್ದು ಮಾರಿದ್ದೇ ಅಂತ ಅಂಗಡೀಲಿ ಬೋರ್ಡ್ ಹಾಕಿದೀರಲ್ಲ," ಅಂದಳು, "ಅದು ಬರೀ ಗಿರಾಕಿಗಳಿಗಾ?"

ಬ್ಲೇಡು ಒಳಗಿಟ್ಟೆ. ಮೂವತ್ತೈದು ವರ್ಷದ ಸಂಸಾರದಲ್ಲಿ ಅವಳ ಹತ್ತಿರ ಒಂದೇ ಒಂದು ಚೌಕಾಸಿ ಗೆದ್ದಿಲ್ಲ.

ಭಾನುವಾರ ಬಸ್ಸು ಹಿಡಿದು ಭದ್ರಾವತಿಗೆ ಹೋದೆ. ಮನೆಯ ಮುಂದೆ ಶೆಡ್ಡು, ಶೆಡ್ಡಿಗೆ ಬೀಗ. ಸೆಲ್ವರಾಜ್ ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ತೆಳ್ಳಗಾಗಿದ್ದರು, ಮೀಸೆ ಮಾತ್ರ ಹಳೆಯ ಧಾಟಿಯಲ್ಲೇ ಇತ್ತು. ನನ್ನ ಕೈಯ ಗಂಟು ನೋಡಿ ಎದ್ದುನಿಂತರು.

"ವಾಂಗೋ, ಬನ್ನಿ ಸಾರ್. ಮಲ್ಲಿ ಹೇಳಿದ್ಲು. ದೊಡ್ಡೋರು ನೀವು, ಬಸ್ಸಲ್ಲಿ ಬಂದ್ರಾ? ಮೊದ್ಲು ಹೇಳಿ, ನಾನು ಸುಳ್ಳನಾ?"

ಸುತ್ತುಬಳಸಿ ಹೇಳಲು ನಾನು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಆ ಮುಖದೆದುರು ಒಂದೂ ಬರಲಿಲ್ಲ.

"ನೀವಲ್ಲ ಸೆಲ್ವಣ್ಣ. ನಾನು. ಸಂತೇಲಿ ನಿಮಗಿದನ್ನ ಮಾರಿದ ಹುಡುಗ ನಾನೇ. ಯುದ್ಧ ಇಲ್ಲ, ಪೈಲಟ್ ಇಲ್ಲ. ಬಟನ್ ನಾನೇ ಕಿತ್ತಿದ್ದು."

ಬಾಗಿಲಲ್ಲಿ ನಿಂತಿದ್ದ ಮಲ್ಲಿಕಾ "ಅಯ್ಯೋ ಸಾರ್!" ಎಂದಳು. ಸೆಲ್ವರಾಜ್ ಕನ್ನಡಕ ಹಾಕಿಕೊಂಡು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು.

"ಡೇಯ್! ಆ ಕಡ್ಡಿ ಹುಡುಗನಾ ನೀನು? ಕೂದಲೆಲ್ಲ ಎಲ್ಲಿ ಹೋಯ್ತು?"

"ಹೋಯ್ತು."

"ಅದೂ ಗುಂಡು ತಾಗಿತಾ?"

ಅವರು ಕೂತರು, ಮತ್ತೆ ಎದ್ದರು, ಮತ್ತೆ ಕೂತರು. ಮುಖ ಕೆಂಪಾಯಿತು. "ಊರಿಗೆಲ್ಲ ಹೇಳಿದೀನಲ್ಲಪ್ಪಾ! ಫ್ಯಾಕ್ಟರೀಲಿ, ಮಗಳ ಮದುವೇಲಿ, ಬೀಗರ ಮುಂದೆ... ಆವತ್ತು ನೀನು ಹೇಳಿದ್ದೆಲ್ಲಾ ಸುಳ್ಳಾ? ಎಲ್ಲಾನೂ?"

"ಎಲ್ಲಾನೂ ಅಣ್ಣ."

"ಜೇಬು?"

"ಜೇಬೇನು?"

"ಮಾರಿದ ಮೇಲೆ ಹೇಳಿದ್ದು! ನಾನು ಬೈಕ್ ಸ್ಟಾರ್ಟ್ ಮಾಡಿದೀನಿ, ನೀನು ಅಂಗಡಿ ಬಿಟ್ಟು ಓಡಿ ಬಂದೆ. 'ಅಣ್ಣಾ, ಏನು ಬೇಕಾದ್ರೂ ಮಾಡ್ಸಿ, ಆ ಒಳಜೇಬು ಮಾತ್ರ ಬಿಚ್ಚಿಸ್ಬೇಡಿ. ನಮ್ಮಮ್ಮ ಹೊಲ್ದಿದ್ದು' ಅಂದೆ. ಅದೂ ಸುಳ್ಳಾ?"

ನನಗೆ ಅದು ನೆನಪೇ ಇರಲಿಲ್ಲ. ಹೇಳಿದ ಸುಳ್ಳುಗಳೆಲ್ಲ ಸಂತೆವಾರು ನೆನಪಿವೆ. ಹೇಳಿದ ಒಂದು ನಿಜ ಪೂರ್ತಿ ಮರೆತುಹೋಗಿತ್ತು.

"ಅದು... ನಿಜ" ಎಂದೆ.

ಸೆಲ್ವರಾಜ್ ತೊಡೆ ತಟ್ಟಿಕೊಂಡರು. "ಯುದ್ಧದ ಜಾಕೆಟ್ಗೆ ಶಿವಮೊಗ್ಗದ ಅಮ್ಮ ಹೆಂಗೆ ಜೇಬು ಹೊಲೀತಾಳೆ ಅಂತ ನಾನು ಆವತ್ತೇ ಕೇಳ್ಬೇಕಿತ್ತು! ಮುಟ್ಟಾಳ ನಾನು! ನಾಲ್ಕು ಸಲ ಜಿಪ್ ಹಾಕ್ಸಿದೀನಿ, ಎರಡು ಸಲ ಲೈನಿಂಗ್. ಟೈಲರ್ ಪ್ರತಿ ಸಲ ಹೇಳ್ತಾನೆ, 'ಈ ಹಾಸಿಗೆ ಬಟ್ಟೆ ಜೇಬು ಅಸಹ್ಯ, ಕಿತ್ತು ಹಾಕ್ತೀನಿ' ಅಂತ. 'ಕೈ ಇಟ್ರೆ ಕೈ ಮುರೀತೀನಿ, ಅದು ಒಬ್ಬರಮ್ಮ ಹೊಲ್ದಿದ್ದು' ಅಂತೀನಿ. ಯಾರಮ್ಮ ಅಂತ ಅವನು ಕೇಳಿದ್ರೆ ನನಗೂ ಗೊತ್ತಿಲ್ಲ!"

ಮಲ್ಲಿಕಾ ಇಟ್ಟ ಕಾಫಿ ಆರುತ್ತಿತ್ತು. ನಾನು ಬ್ಲೇಡು ಹಿಡಿದು ಕೂತದ್ದನ್ನು ಅವರಿಗೆ ಹೇಳಲಿಲ್ಲ. ನಿಮಗೆ ಹೇಳಿದ್ದೇ ಹೆಚ್ಚು.

ಆರಿದ ಕಾಫಿ ಕುಡಿದು ಲೋಟ ಕೆಳಗಿಟ್ಟು, "ಇದನ್ನ ನನಗೆ ಕೊಡ್ತೀರಾ ಸೆಲ್ವಣ್ಣ?" ಎಂದು ಕೇಳಿದೆ.

"ಎಷ್ಟಕ್ಕೆ?"

"ನೀವು ಹೇಳಿದಷ್ಟಕ್ಕೆ."

ಈ ಎರಡು ಪದಗಳನ್ನು ನಾನು ಈ ಹಿಂದೆ ಯಾವ ವ್ಯಾಪಾರದಲ್ಲೂ ಆಡಿದವನಲ್ಲ. ನೀವೂ ಆಡಬೇಡಿ, ಆಡಿದ ಕೂಡಲೇ ಎದುರ ಮನುಷ್ಯನಿಗೆ ತನ್ನ ಕೈಯಲ್ಲಿರುವ ವಸ್ತುವಿನ ಬೆಲೆ ತಿಳಿದುಬಿಡುತ್ತದೆ. ಹಾಗೇ ಆಯಿತು.

"ಕೊಡಲ್ಲ, ಹೋಗು ತಂಬಿ" ಅಂದರು. "ಬೇಕಾದ್ರೆ ಬಂದು ನೋಡ್ಕೊಂಡು ಹೋಗು. ಈಗ ಚೀಟಿ ಬರಿ. ಆ ಜಿಪ್ ಎಳೆದ ಪೊಡಿಯನ್, ಆ ಚಿಲ್ಟು ಹುಡುಗ, ಫೋನ್ ಹಿಡ್ಕೊಂಡು ಬಂದ್ರೆ ತೋರಿಸ್ಬೇಕು. ನಿಜಾನೇ ಬರಿ."

ಬರೆದೆ. ಚರ್ಮ, ಕಾಲರು: ಎಪ್ಪತ್ತರ ದಶಕ, ವಿದೇಶಿ, ಯುದ್ಧಕ್ಕೆ ಹೋಗಿಲ್ಲ. ಜಿಪ್ಪು, ಲೈನಿಂಗು: ಭದ್ರಾವತಿ, ಆಗಾಗ. ಕಾಲರಿನ ಬಟನ್: ಮಾರಿದವನು ಕಿತ್ತದ್ದು. ಒಳಜೇಬು: ಶಿವಮೊಗ್ಗ, ಎಡಗೈ ಹೊಲಿಗೆ, ಅಸಲಿ. ಕೆಳಗೆ ಸಹಿ ಹಾಕಿ, ಜೊತೆಗೆ ತಂದಿದ್ದ ಸೀಲು ಒತ್ತಿದೆ. ಸೆಲ್ವರಾಜ್ ಅದನ್ನು ಎರಡು ಸಲ ಓದಿ, ನಾಲ್ಕು ಮಡಿಕೆ ಮಾಡಿ ಆ ಜೇಬಿಗೇ ಹಾಕಿದರು. ಜಾಕೆಟ್ಟು ತೊಟ್ಟು, ಮಗಳಿಗೆ, "ಶೆಡ್ ಬೀಗದ ಕೈ ತಾ. ಇವನನ್ನ ಟೀ ಅಂಗಡಿಗೆ ಕರ್ಕೊಂಡು ಹೋಗ್ತೀನಿ. ನಾನು ಸುಳ್ಳನಲ್ಲ ಅಂತ ಇವನೇ ಎಲ್ರಿಗೂ ಹೇಳ್ಲಿ" ಅಂದರು.

"ಬಿಸಿಲಲ್ಲಿ ಜಾಕೆಟ್ ಯಾಕಪ್ಪಾ?" ಎಂದಳು ಅವಳು, ಬೀಗದ ಕೈ ತರಲು ಓಡುತ್ತಲೇ.

ಮೂರು ತಿಂಗಳು ನಿಂತಿದ್ದ ಬೈಕು ಆರು ಕಿಕ್ಕಿಗೂ ಕೆಮ್ಮಿ ಸುಮ್ಮನಾಯಿತು. ಏಳನೆಯದಕ್ಕೆ ಹೊಗೆಯುಗುಳಿ ಎದ್ದಿತು. ಮಲ್ಲಿಕಾಳ ಹೆಲ್ಮೆಟ್ಟನ್ನು ನನಗೆ ಕೊಟ್ಟರು. ಅದಕ್ಕೆ ಮುಂದಿನ ಗಾಜೇ ಇರಲಿಲ್ಲ. ನನ್ನ ಅಂಗಡಿಯದ್ದಾಗಿದ್ದರೆ ಹಾಗೆ ಹೊರಗೆ ಬಿಡುತ್ತಿರಲಿಲ್ಲ. ಹಿಂದೆ ಕೂತೆ. ನ್ಯೂ ಟೌನಿನ ಅಗಲವಾದ ರಸ್ತೆಗೆ ಇಳಿದದ್ದೇ ತಡ, ಮುದುಕರು ವಯಸ್ಸು ಮರೆತರು. ಗಾಳಿಗೆ ಅವರ ಆನೆಕಿವಿಯ ಕಾಲರು ಎದ್ದುನಿಂತಿತು. ನಿಧಾನ ಹೋಗಿ ಎಂದು ಹೇಳಲು ನಾನು ಅವರ ಎಡ ಹೆಗಲ ಮೇಲೆ ಬಗ್ಗಿದರೆ ಎಡಗೆನ್ನೆಗೆ ಫಟ್. ಬಲ ಹೆಗಲ ಮೇಲೆ ಬಗ್ಗಿದರೆ ಬಲಗೆನ್ನೆಗೆ ಫಟ್. ಬಟನ್ ಇದ್ದಿದ್ದರೆ ಆ ಕಾಲರು ತೆಪ್ಪಗೆ ಮಲಗಿರುತ್ತಿತ್ತು.

"ಸೆಲ್ವಣ್ಣ," ಎಂದು ಕೂಗಿದೆ, "ನಾಳೆನೇ ಬಟನ್ ತಂದು ಹಾಕ್ಸಿಕೊಡ್ತೀನಿ! ದುಡ್ಡು ಬೇಡ!"

"ಬೇಡ ಬಿಡು ತಂಬಿ!" ಎಂದು ಅವರು ಗಾಳಿಯಲ್ಲಿ ತಿರುಗಿ ಕೂಗಿದರು. "ಅದು ಗುಂಡು ತಾಗಿ ಹಾರಿದ್ದು, ಹಾಗೇ ಇರ್ಲಿ!"